ಭೌತಶಾಸ್ತ್ರದ ಪದಗಳು: ತೋಟದಲ್ಲಿ, ಬಸ್ಸಲ್ಲಿ, ಮದುವೆ ಮನೇಲಿ ಪದೇ ಪದೇ ಕೇಳೋ ಪ್ರಶ್ನೆಗಳು

ನಾನು ಕೊಡಗಿನ ಹೈಸ್ಕೂಲುಗಳಲ್ಲಿ ವಿಜ್ಞಾನ ಪಾಠ ಮಾಡ್ತಿದ್ದವನು, ಈಗ ನಾಪೋಕ್ಲು ಕಡೆ ಸಣ್ಣದೊಂದು ಕಾಫಿ ತೋಟ ನೋಡ್ಕೊಂಡಿದ್ದೀನಿ. ಹಳೇ ಮಕ್ಕಳು ಫೋನ್ ಮಾಡಿದಾಗ, ಮದುವೆ ಮನೇಲಿ ಪಕ್ಕದಲ್ಲಿ ಕೂತವರು, ಕಾಗದ ಬರೆದವರು ಕೇಳಿದ ಪ್ರಶ್ನೆಗಳನ್ನ ಅವರು ಕೇಳಿದ ಹಾಗೇ ಇಲ್ಲಿ ಹಾಕಿದ್ದೀನಿ. ನಾವು ಮಾತಲ್ಲಿ ಬಳಸೋ ಪದ ತಪ್ಪು ಅಂತ ನಾನು ಹೇಳಲ್ಲ. ಆದ್ರೆ ಫಿಸಿಕ್ಸಲ್ಲಿ ಒಂದೊಂದು ಪದಕ್ಕೂ ಒಂದು ಅಳತೆ ಕಟ್ಟಿರ್ತಾರೆ, ಇದನ್ನ ಯಾವುದರಲ್ಲಿ ಅಳೀತಾರೆ ಅಂತ ಒಂದು ಸಲ ಕೇಳ್ಕೊಂಡ್ರೆ ಅರ್ಧ ಗೊಂದಲ ಅಲ್ಲೇ ಬಿಟ್ಟು ಹೋಗುತ್ತೆ.

## ಮೊದಲು, ದಿನಾ ಬಾಯಲ್ಲಿ ಬರೋ ಪದಗಳು

ಸರ್, ತೂಕ ಮತ್ತೆ ದ್ರವ್ಯರಾಶಿ ಒಂದೇ ತಾನೆ? ಕಾಫಿ ಮಾರೋವಾಗ 50 ಕೆಜಿ ಅಂತೀವಲ್ಲ, ಅದು ಯಾವುದು?

ಕೆಜಿ ಅಂದ್ರೆ ದ್ರವ್ಯರಾಶಿ. ಮೂಟೆ ಒಳಗೆ ಸರಕು ಎಷ್ಟಿದೆ ಅನ್ನೋದು, ಎಲ್ಲಿಗೆ ತಗೊಂಡು ಹೋದ್ರೂ ಅದು ಬದಲಾಗಲ್ಲ. ತೂಕ ಅಂದ್ರೆ ಆ ಮೂಟೇನ ಭೂಮಿ ಎಷ್ಟು ಬಲದಿಂದ ಕೆಳಗೆ ಎಳೀತಿದೆ ಅನ್ನೋದು, ಅದನ್ನ ನ್ಯೂಟನ್ ಲೆಕ್ಕದಲ್ಲಿ ಹೇಳ್ಬೇಕು, 50 ಕೆಜಿಗೆ ಸುಮಾರು 490 ನ್ಯೂಟನ್. ಅದೇ ಮೂಟೆ ಚಂದ್ರನ ಮೇಲೆ 80 ನ್ಯೂಟನ್ ಚಿಲ್ಲರೆ ತೂಗುತ್ತೆ, ಒಳಗಿರೋ ಕಾಫಿ ಮಾತ್ರ ಒಂದು ಕಾಳೂ ಕಮ್ಮಿ ಆಗಿರಲ್ಲ. ವ್ಯಾಪಾರದಲ್ಲಿ ಬೇಕಾಗಿರೋದು ಸರಕು ಎಷ್ಟು ಅನ್ನೋದು, ಹಾಗಾಗಿ ಕೆಜಿ ಸರಿ, 'ತೂಕ' ಅನ್ನೋ ಪದಾನ ಮಾತ್ರ ನಾವು ಸಡಿಲವಾಗಿ ಬಳಸ್ತೀವಿ. ಎರಡು ತಟ್ಟೆ ತಕ್ಕಡಿ ದ್ರವ್ಯರಾಶೀನ ಹೋಲಿಸುತ್ತೆ, ಸ್ಪ್ರಿಂಗ್ ತಕ್ಕಡಿ ಬಲಾನ ಅಳೆಯುತ್ತೆ. ಮಂಗಳೂರಲ್ಲಿ ಸರಿ ಮಾಡಿದ ಸ್ಪ್ರಿಂಗ್ ತಕ್ಕಡೀನ ಮಡಿಕೇರಿಗೆ ತಂದ್ರೆ 50 ಕೆಜಿ ಮೂಟೆ ಸ್ವಲ್ಪ ಕಮ್ಮಿ ತೋರಿಸುತ್ತೆ, ಆದ್ರೆ ಆ ವ್ಯತ್ಯಾಸ 20 ಗ್ರಾಂ ಒಳಗೇ. ಇನ್ನೊಂದು ವಿಷಯ, 2019ರ ಮೇ 20ರವರೆಗೆ ಪ್ಯಾರಿಸ್ ಹತ್ರ ಇಟ್ಟಿದ್ದ ಒಂದು ಲೋಹದ ತುಂಡೇ ಇಡೀ ಪ್ರಪಂಚಕ್ಕೆ ಕಿಲೋಗ್ರಾಂ ಆಗಿತ್ತು, ಅವತ್ತಿಂದ ಪ್ಲಾಂಕ್ ಸ್ಥಿರಾಂಕ ಅನ್ನೋ, ಪ್ರಕೃತಿಯಲ್ಲಿ ಎಲ್ಲೂ ಬದಲಾಗದ ಒಂದು ಸಂಖ್ಯೆಯ ಮೇಲೆ ಅದನ್ನ ಕಟ್ಟಿದ್ದಾರೆ.

ಬಲ, ಶಕ್ತಿ, ಸಾಮರ್ಥ್ಯ ಮೂರಕ್ಕೂ ನಮ್ಮನೇಲಿ 'ಶಕ್ತಿ' ಅಂತಲೇ ಹೇಳೋದು. ವ್ಯತ್ಯಾಸ ಎಂತ?

ಬಲ ಅಂದ್ರೆ ತಳ್ಳೋದು ಇಲ್ಲಾ ಎಳೆಯೋದು, ಅಳತೆ ನ್ಯೂಟನ್. ಶಕ್ತಿ ಅಂದ್ರೆ ಕೈಯಲ್ಲಿರೋ ದುಡ್ಡಿನ ಹಾಗೆ, ಎಷ್ಟು ಕೆಲಸ ಮಾಡಿಸ್ಬಹುದು ಅನ್ನೋ ಗಂಟು, ಅಳತೆ ಜೂಲ್. ಸಾಮರ್ಥ್ಯ ಅಂದ್ರೆ ಆ ದುಡ್ಡು ಎಷ್ಟು ಬೇಗ ಖರ್ಚಾಗ್ತಿದೆ ಅನ್ನೋದು, ಸೆಕೆಂಡಿಗೆ ಇಷ್ಟು ಜೂಲ್, ಅದಕ್ಕೆ ವಾಟ್ ಅಂತ ಹೆಸರು. ಇಬ್ರು ತಲಾ ಹತ್ತು ಮೂಟೆ ಲಾರಿಗೆ ಏರಿಸಿದ್ರು ಅಂತ ಇಟ್ಕೊಳ್ಳಿ, ಒಬ್ಬರು ಹತ್ತು ನಿಮಿಷಕ್ಕೆ, ಇನ್ನೊಬ್ಬರು ಇಪ್ಪತ್ತು ನಿಮಿಷಕ್ಕೆ. ಮೂಟೆಗಳಿಗೆ ಸೇರಿದ ಶಕ್ತಿ ಇಬ್ಬರದ್ದೂ ಒಂದೇ, ಮೊದಲನೇವರ ಸಾಮರ್ಥ್ಯ ಎರಡು ಪಟ್ಟು. ಮೋಟರಿನ ಎಚ್‌ಪಿ ಕೂಡ ಸಾಮರ್ಥ್ಯವೇ, 1 ಎಚ್‌ಪಿ ಅಂದ್ರೆ 746 ವಾಟ್. ಅಜ್ಜಿ 'ಮೈಯಲ್ಲಿ ಶಕ್ತಿ ಇಲ್ಲ ಮಗ' ಅಂದ್ರೆ ಅದನ್ನ ತಿದ್ದೋಕೆ ಹೋಗ್ಬೇಡಿ, ಅವರು ಹೇಳೋದು ಜೂಲಿನ ಲೆಕ್ಕ ಅಲ್ಲ.

ಮೂಟೆ ಹೊತ್ತು ಕಣದ ಆ ಕಡೆಯಿಂದ ಈ ಕಡೆಗೆ ನಡೆದ್ರೆ ಕೆಲಸ ಸೊನ್ನೆ ಅಂತ ಪುಸ್ತಕದಲ್ಲಿದೆ. ಇದು ಯಾವ ನ್ಯಾಯ ಸರ್?

ಈ ಪ್ರಶ್ನೆ ಕೇಳಿದ ಹುಡುಗನ ಅಪ್ಪ ತೋಟದ ಕೆಲಸಗಾರರ ಲೈನ್‌ಮನೇಲಿ ಇದ್ದು ಮೂಟೆ ಹೊರೋವರು, ಹಾಗಾಗಿ ಇದಕ್ಕೆ ಸರಿಯಾಗಿ ಉತ್ತರ ಕೊಡ್ಲೇಬೇಕು ಅಂತ ಅವತ್ತೇ ಅನ್ನಿಸಿತ್ತು. ಫಿಸಿಕ್ಸಲ್ಲಿ ಕೆಲಸ ಅಂದ್ರೆ ಬಲ ಹಾಕಿದ ದಿಕ್ಕಲ್ಲಿ ವಸ್ತು ಎಷ್ಟು ದೂರ ಸರೀತು ಅನ್ನೋದರ ಗುಣಾಕಾರ, ಅಷ್ಟೇ. ಮೂಟೇನ ಹಿಡ್ಕೊಂಡಿರೋ ಬಲ ಮೇಲಕ್ಕಿದೆ, ನಡೆಯೋದು ಅಡ್ಡಕ್ಕೆ, ಹಾಗಾಗಿ ಆ ಬಲ ಮೂಟೆಯ ಮೇಲೆ ಮಾಡಿದ ಕೆಲಸ ಸೊನ್ನೆ. ಮನುಷ್ಯ ಏನೂ ಮಾಡ್ಲಿಲ್ಲ ಅಂತ ಅದರ ಅರ್ಥ ಅಲ್ಲವೇ ಅಲ್ಲ! ಸ್ನಾಯುವಿನ ಎಳೆಗಳು ಕ್ಷಣಕ್ಷಣಕ್ಕೂ ಬಿಗಿದು ಸಡಿಲ ಆಗ್ತಾ ಇರುತ್ತೆ, ಅದಕ್ಕೆ ಶಕ್ತಿ ಖರ್ಚಾಗುತ್ತೆ, ಅದೆಲ್ಲ ಶಾಖ ಆಗಿ ಬೆವರಲ್ಲಿ ಹೋಗುತ್ತೆ. ಅದೇ 50 ಕೆಜಿ ಮೂಟೇನ ನೆಲದಿಂದ 1.2 ಮೀಟರ್ ಎತ್ತರದ ಲಾರಿಗೆ ಏರಿಸಿದ್ರೆ 588 ಜೂಲ್ ಕೆಲಸ. ಊಟದ ಲೆಕ್ಕದಲ್ಲಿ ಒಂದು ಕ್ಯಾಲರಿಗೆ ಸುಮಾರು 4184 ಜೂಲ್, ಅಂದ್ರೆ ಈ 588 ಜೂಲ್ ಕಾಲು ಕ್ಯಾಲರಿ ಕೂಡ ಆಗಲ್ಲ, ಆದ್ರೂ ನಾಲ್ಕು ಮೂಟೆ ಏರಿಸಿದವರಿಗೆ ಎಷ್ಟು ಸುಸ್ತಾಗುತ್ತೆ ನೋಡಿ. ಅಂದ್ರೆ ಮೈ ಖರ್ಚು ಮಾಡೋದೇ ಬೇರೆ, ಮೂಟೆಗೆ ಸೇರೋದೇ ಬೇರೆ. ಪುಸ್ತಕದವರು ಈ ಒಂದು ಸಾಲು ಸೇರಿಸಿದ್ರೆ ಎಷ್ಟೋ ಮಕ್ಕಳ ಬೇಜಾರು ತಪ್ತಿತ್ತು.

ಜವ ಅಂತ ಯಾರೂ ಮಾತಾಡಲ್ಲ, ವೇಗ ಅಂದ್ರೆ ಸಾಕಲ್ವಾ?

ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿಯೋ ಬಸ್ಸಲ್ಲಿ ಕೂತಿದ್ದೀರಿ, ಮೀಟರ್ ಮುಳ್ಳು 30ರಲ್ಲೇ ನಿಂತಿದೆ. ಆ 30 ಅನ್ನೋದು ಜವ. ವೇಗ ಅಂದ್ರೆ 30 ಮತ್ತೆ ಯಾವ ಕಡೆಗೆ ಅನ್ನೋದು ಎರಡೂ ಸೇರಿ. ತಿರುವಲ್ಲಿ ಜವ ಹಾಗೇ ಇದ್ರೂ ದಿಕ್ಕು ಬದಲಾಗ್ತಿದೆ, ಅಂದ್ರೆ ವೇಗ ಬದಲಾಗ್ತಿದೆ, ಅಂದ್ರೆ ಅಲ್ಲಿ ವೇಗೋತ್ಕರ್ಷ ಇದೆ. ನೀವು ಕಿಟಕಿ ಕಡೆ ಒರಗೋದು, ಮಕ್ಕಳಿಗೆ ಹೊಟ್ಟೆ ತೊಳಸೋದು ಇದರಿಂದಲೇ. 'ಉತ್ಕರ್ಷ' ಅಂದ್ರೆ ಏರೋದು ಅಂತ ಅರ್ಥ ಇರೋದ್ರಿಂದ ಜಾಸ್ತಿ ಆದ್ರೆ ಮಾತ್ರ ಅಂತ ಮಕ್ಕಳು ತಿಳ್ಕೊಳ್ತಾರೆ, ಬ್ರೇಕ್ ಹಾಕಿದ್ರೂ ತಿರುಗಿದ್ರೂ ಫಿಸಿಕ್ಸಲ್ಲಿ ಅದೇ ಪದ.

ಜ್ಯೋತಿರ್ವರ್ಷ ಅಂದ್ರೆ ಎಷ್ಟು ವರ್ಷ?

ಅದು ವರ್ಷ ಅಲ್ಲ, ದೂರ. 'ಮೈಸೂರು ಎಷ್ಟು ದೂರ' ಅಂದ್ರೆ ನಾವು 'ಮೂರು ಗಂಟೆ' ಅಂತೀವಲ್ಲ, ಅದೇ ಥರ. ಬೆಳಕು ಒಂದು ವರ್ಷದಲ್ಲಿ ಹೋಗೋ ದೂರ, ಸುಮಾರು 9.46 ಲಕ್ಷ ಕೋಟಿ ಕಿಲೋಮೀಟರ್.

## ಮಳೆ, ಮಂಜು, ಚಳಿ

ಮಳೆ ಅಂದ್ರೆ ನೀರು, ನೀರನ್ನ ಲೀಟರಲ್ಲಿ ಅಳೀಬೇಕು. ನಮ್ಮ ತೋಟದವರೆಲ್ಲ ಇಂಚು, ಸೆಂಟ್ ಅಂತಾರಲ್ಲ ಯಾಕೆ?

ಒಳ್ಳೇ ಪ್ರಶ್ನೆ, ಮಾರ್ಚಲ್ಲಿ ಹೂಮಳೆ (ಕಾಫಿ ಹೂ ಅರಳಿಸೋ ಮಳೆ) ಬಂದ ಮಾರನೇ ದಿನ ಇಡೀ ಜಿಲ್ಲೆ 'ನಿಮಗೆ ಎಷ್ಟು?' ಅಂತ ಫೋನ್ ಮಾಡಿ ಕೇಳೋದು ಇದನ್ನೇ. ಲೀಟರಲ್ಲಿ ಹೇಳಿದ್ರೆ ಎಷ್ಟು ಜಾಗದ ಮೇಲೆ ಬಿದ್ದದ್ದು ಅಂತಾನೂ ಹೇಳ್ಬೇಕಾಗುತ್ತೆ, ಬಕೆಟ್ ಬಾಯಿ ದೊಡ್ಡದಿದ್ರೆ ಲೀಟರ್ ಜಾಸ್ತಿ ಸಿಗುತ್ತೆ. ಬಿದ್ದ ನೀರು ಇಂಗದೆ, ಹರೀದೆ ನೆಲದ ಮೇಲೆ ಹಾಗೇ ನಿಂತಿದ್ರೆ ಎಷ್ಟು ಎತ್ತರ ನಿಲ್ತಿತ್ತು ಅಂತ ಹೇಳಿದ್ರೆ ಜಾಗದ ಲೆಕ್ಕವೇ ಬೇಡ. ಅದಕ್ಕೇ ಮಳೆ ಅಳತೆ ಉದ್ದದ ಅಳತೆ. ಒಂದು ಇಂಚು 25.4 ಮಿಲಿಮೀಟರ್, ತೋಟದವರ ಸೆಂಟ್ ಅಂದ್ರೆ ಇಂಚಿನ ನೂರನೇ ಒಂದು ಭಾಗ. ಜಾಗದ ಸೆಂಟ್ ಬೇರೆ, ಅದು ಎಕರೆಯ ನೂರನೇ ಒಂದು ಭಾಗ, ಎರಡನ್ನೂ ಒಂದೇ ಮಾತಲ್ಲಿ ಕೇಳಿದ ಹೊರಗಿನವರು ತಬ್ಬಿಬ್ಬಾಗ್ತಾರೆ. ಲೀಟರ್ ಬೇಕೇ ಬೇಕು ಅಂದ್ರೆ ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಅಂದ್ರೆ ಸರಿಯಾಗಿ ಒಂದು ಲೀಟರ್. ಆ ಲೆಕ್ಕದಲ್ಲಿ ಒಂದು ಎಕರೆಗೆ ಒಂದು ಇಂಚು ಮಳೆ ಅಂದ್ರೆ ಸುಮಾರು 1,02,800 ಲೀಟರ್. ಸ್ಪ್ರಿಂಕ್ಲರ್ ಹಾಕಿ ಇಷ್ಟು ನೀರು ಕೊಡೋಕೆ ಎಷ್ಟು ಡೀಸೆಲ್ ಬೇಕು ಅಂತ ಗೊತ್ತಿರೋರಿಗೆ ಹೂಮಳೆಯ ಬೆಲೆ ಬೇರೆ ಹೇಳ್ಬೇಕಾಗಿಲ್ಲ.

ಮಂಜು ಅಂದ್ರೆ ನೀರಾವಿ ತಾನೆ? ಕಣ್ಣಿಗೆ ಕಾಣುತ್ತಲ್ಲ

ಕಣ್ಣಿಗೆ ಕಾಣುತ್ತೆ ಅನ್ನೋ ಕಾರಣಕ್ಕೇ ಅದು ಆವಿ ಅಲ್ಲ. ನೀರಾವಿ ಗಾಳಿಯ ಹಾಗೆ, ಕಾಣೋದೇ ಇಲ್ಲ. ಮಡಿಕೇರಿಯ ರಾಜಾಸೀಟಿನ ಕೆಳಗಿಂದ ಎದ್ದು ಬರೋ ಬಿಳಿ ಮಂಜು ಅಂದ್ರೆ ಸಣ್ಣ ಸಣ್ಣ ನೀರಿನ ಹನಿ, ಒಂದೊಂದು ಮಿಲಿಮೀಟರಿನ ನೂರನೇ ಒಂದು ಭಾಗದ ಆಸುಪಾಸು. ಮನೇಲೇ ನೋಡ್ಬಹುದು: ಬಿಸಿನೀರಿನ ಕೆಟಲ್ ಚೆನ್ನಾಗಿ ಕುದೀವಾಗ ಮೂತಿಯ ತುದೀಲಿ ಒಂದೆರಡು ಸೆಂಟಿಮೀಟರ್ ಏನೂ ಕಾಣಲ್ಲ, ಖಾಲಿ ಇದ್ದ ಹಾಗಿರುತ್ತೆ, ಅದರಿಂದ ಆಚೆಗೆ ಬಿಳಿ ಹೊಗೆ ಥರ ಶುರು ಆಗುತ್ತೆ. ಖಾಲಿ ಕಾಣೋ ಜಾಗದಲ್ಲಿರೋದು ಆವಿ, ಬಿಳೀದು ಆವಿ ತಣ್ಣಗಾಗಿ ಆದ ಹನಿ. ಕೈ ಇಡ್ಬೇಡಿ, ಆ ಕಾಣದ ಜಾಗವೇ ಜಾಸ್ತಿ ಸುಡೋದು.

ಬಾಗಿಲು ಹಾಕು, ಚಳಿ ಒಳಗೆ ಬರುತ್ತೆ ಅಂತಾರೆ ನಮ್ಮಮ್ಮ. ಚಳಿ ಬರೋ ವಸ್ತುನಾ? ಮತ್ತೆ ಶಾಖ, ಉಷ್ಣತೆ ಬೇರೆ ಬೇರೆನಾ?

ಚಳಿ ಅನ್ನೋ ವಸ್ತು ಇಲ್ಲ, ಶಾಖ ಹೊರಗೆ ಹೋಗುತ್ತೆ ಅಷ್ಟೇ (ತಣ್ಣನೆ ಗಾಳಿ ಒಳಗೆ ಬರೋದು ನಿಜ, ಅಮ್ಮನ ಮಾತಲ್ಲಿ ಅಷ್ಟು ಸರಿಯಿದೆ). ಉಷ್ಣತೆ ಅಂದ್ರೆ ಎಷ್ಟು ಬಿಸಿ ಅನ್ನೋ ಮಟ್ಟ, ಡಿಗ್ರೀಲಿ ಅಳೆಯೋದು. ಶಾಖ ಅಂದ್ರೆ ಬಿಸಿ ಇರೋ ಕಡೆಯಿಂದ ತಣ್ಣಗಿರೋ ಕಡೆಗೆ ದಾಟ್ತಾ ಇರೋ ಶಕ್ತಿ, ಜೂಲಲ್ಲಿ ಅಳೆಯೋದು. ಒಲೆಯಿಂದ ಹಾರೋ ಕಿಡಿ ನೂರಾರು ಡಿಗ್ರಿ ಇರುತ್ತೆ, ಕೈಗೆ ಬಿದ್ರೆ ಚುರ್ ಅಂದು ಮುಗೀತು. ಒಂದು ಹಂಡೆ ಬಿಸಿನೀರು 60 ಡಿಗ್ರಿ ಇದ್ರೂ ಮೈಮೇಲೆ ಬಿದ್ರೆ ಆಸ್ಪತ್ರೆಗೇ ಹೋಗ್ಬೇಕು, ಯಾಕಂದ್ರೆ ಅಲ್ಲಿಂದ ಮೈಗೆ ದಾಟೋ ಶಕ್ತಿ ಎಷ್ಟೋ ಪಟ್ಟು ಜಾಸ್ತಿ. ಇನ್ನು 'ಕಾಫಿ ಮೈಗೆ ಉಷ್ಣ' ಅಂತೀವಲ್ಲ, ಅದು ಊಟ ಔಷಧಿಯ ಪರಂಪರೆಯ ಪದ, ಥರ್ಮಾಮೀಟರಿಗೂ ಅದಕ್ಕೂ ಸಂಬಂಧ ಇಲ್ಲ, ಕೋಲ್ಡ್ ಕಾಫಿ ಕುಡಿದ್ರೂ ಉಷ್ಣ ಅಂತಲೇ ಹೇಳ್ತಾರೆ.

ನೀರು ಕುದಿಯೋದು 100 ಡಿಗ್ರಿಗೆ ತಾನೆ? ಮಡಿಕೇರೀಲಿ ಥರ್ಮಾಮೀಟರ್ ಇಟ್ಟು ನೋಡಿದ್ರೆ ಅಷ್ಟು ಬರ್ಲಿಲ್ಲ, ಕೆಟ್ಟಿದ್ಯಾ?

ಕೆಟ್ಟಿಲ್ಲ. ನೀರೊಳಗಿನ ಆವಿಯ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕೆ ಸಮ ಆದಾಗ ಆಗೋದೇ ಕುದಿಯೋದು. 100 ಡಿಗ್ರಿ ಅನ್ನೋದು ಸಮುದ್ರ ಮಟ್ಟದ ಲೆಕ್ಕ. ಮಡಿಕೇರಿ ಹೆಚ್ಚುಕಮ್ಮಿ 1150 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಶೇಕಡ 12-13ರಷ್ಟು ಕಮ್ಮಿ, ಅದಕ್ಕೇ 96 ಡಿಗ್ರಿ ಹತ್ರಾನೇ ಕುದೀತು. ಬೇಳೆ ಬೇಯೋಕೆ ಹೊತ್ತು ಹಿಡಿಯೋದು ಇದರಿಂದ. ಕುಕ್ಕರ್ ಮಾಡೋದು ಇದರ ಉಲ್ಟಾ, ಒಳಗೆ ಒತ್ತಡ ಏರಿಸಿ ನೀರು 120 ಡಿಗ್ರಿ ಹತ್ರ ಬರೋವರೆಗೂ ಕುದಿಯೋಕೆ ಬಿಡಲ್ಲ.

## ಪಂಪು, ಕರೆಂಟು

ಸರ್, ಮೋಟರ್ ದೊಡ್ಡದು ಹಾಕಿದ್ರೂ ಕೆರೆಯಿಂದ ನೀರು ಎಳೀತಿಲ್ಲ. ಸಕ್ಷನ್ ಪವರ್ ಸಾಲ್ದಾ?

ಇದಕ್ಕೆ ನನ್ನ ಕೈಯಿಂದ ದುಡ್ಡು ಹೋಗಿದೆ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ. ಕೆರೆ ನಮ್ಮ ತೋಟದ ತಗ್ಗಲ್ಲಿದೆ, ಮಳೆಗಾಲದಲ್ಲಿ ಮುಳುಗದೇ ಇರ್ಲಿ ಅಂತ ಪಂಪ್‌ಶೆಡ್ಡನ್ನ ದಂಡೆಯಿಂದ ಎತ್ತರಕ್ಕೆ ಕಟ್ಟಿಸಿದ್ದೆ. ಫೆಬ್ರವರೀಲಿ ಕೆರೆ ಇಳೀತಾ ಬಂದು ನೀರಿಗೂ ಪಂಪಿಗೂ 35 ಅಡಿ ಅಂತರ ಆಯ್ತು, ನೀರು ಬರೋದು ನಿಂತೇ ಹೋಯ್ತು. ಮೋಟರ್ ಮಾರಿದ ಅಂಗಡಿಯವರು 5 ಎಚ್‌ಪಿ ಸಾಲಲ್ಲ, 7.5 ಹಾಕಿ ಅಂದ್ರು. ಹಾಕಿದೆ. ಫುಟ್‌ವಾಲ್ವ್ ಬದಲಾಯಿಸಿದೆ, ಪೈಪಿನ ಪ್ರತಿ ಜಾಯಿಂಟಿಗೂ ಮತ್ತೆ ಟೇಪ್ ಸುತ್ತಿಸಿದೆ, ಪ್ರೈಮಿಂಗಿಗೆ ಅಂತ ಬಕೆಟ್ ಬಕೆಟ್ ನೀರು ಹೊತ್ತು ಹಾಕಿದ್ವಿ, ಮೋಟರ್ ಗುಂಯ್ ಅಂತಿತ್ತು, ಒಂದು ಹನಿ ಇಲ್ಲ. ಆ ರಾತ್ರಿ ಮಲಗಿದಾಗ ನಾನೇ ವರ್ಷಾನುಗಟ್ಟಲೆ ಬೋರ್ಡ್ ಮೇಲೆ ಬರೆದ ಪಾಠ ನೆನಪಾಯ್ತು.

ತಪ್ಪು ಇರೋದು 'ಎಳೆಯೋದು' ಅನ್ನೋ ಪದದಲ್ಲೇ. ಪಂಪು ನೀರನ್ನ ಎಳೆಯಲ್ಲ. ಪೈಪಿನೊಳಗೆ ಒತ್ತಡ ಕಮ್ಮಿ ಮಾಡುತ್ತೆ, ಕೆರೆಯ ಮೇಲೆ ಕೂತಿರೋ ಗಾಳಿ ನೀರನ್ನ ಪೈಪೊಳಗೆ ತಳ್ಳುತ್ತೆ. ತಳ್ಳೋದು ಗಾಳಿ ಆದ್ಮೇಲೆ ಗಾಳಿಗೆ ಎಷ್ಟು ಆಗುತ್ತೋ ಅಷ್ಟೇ. ಸಮುದ್ರ ಮಟ್ಟದಲ್ಲಿ 10.3 ಮೀಟರ್, ಅಂದ್ರೆ 34 ಅಡಿ ಹತ್ರ. ನಮ್ಮ ಕಡೆ 900 ಮೀಟರ್ ಎತ್ತರದಲ್ಲಿ 30 ಅಡಿ ಚಿಲ್ಲರೆ, ಅದೂ ಪೂರ್ತಿ ನಿರ್ವಾತ ಮಾಡಿದ್ರೆ. ಪೈಪಿನ ಘರ್ಷಣೆ ಎಲ್ಲ ಕಳೆದ್ರೆ 20-22 ಅಡಿ ಸಿಕ್ಕಿದ್ರೆ ಪುಣ್ಯ. ಅಲ್ಲಿಗೆ 50 ಎಚ್‌ಪಿ ಹಾಕಿದ್ರೂ 35 ಅಡಿ ಬರಲ್ಲ. ಇಟಲಿಯಲ್ಲಿ ಟೊರಿಚೆಲ್ಲಿ 1643ರಲ್ಲಿ ಪಾದರಸದ ಕೊಳವೆ ಇಟ್ಟು ಇದನ್ನೇ ತೋರಿಸಿದ್ದು. ಮಾರನೇ ದಿನ ಹಳೇ 5 ಎಚ್‌ಪಿ ಮೋಟರನ್ನೇ ಇಳಿಸಿ ನೀರಿಂದ ಎಂಟು ಅಡಿ ಮೇಲೆ ಇಟ್ವಿ, ಅಲ್ಲಿಂದ ಮೇಲಕ್ಕೆ 110 ಅಡಿ ಆರಾಮಾಗಿ ಹತ್ತಿಸ್ತು. ಮೇಲಕ್ಕೆ ಹತ್ತಿಸೋದು ಪಂಪಿನ ಕೆಲಸ, ಅಲ್ಲಿ ಎಚ್‌ಪಿ ಲೆಕ್ಕಕ್ಕೆ ಬರುತ್ತೆ. ಪಂಪಿನವರ ಭಾಷೇಲಿ ಇದಕ್ಕೆ ಸಕ್ಷನ್ ಹೆಡ್, ಡೆಲಿವರಿ ಹೆಡ್ ಅಂತ ಎರಡು ಬೇರೆ ಪದಾನೇ ಇದೆ, ಮೋಟರ್ ತಗೊಳ್ಳೋವಾಗ ಎರಡನ್ನೂ ಬೇರೆ ಬೇರೆ ಕೇಳಿ.

ಕರೆಂಟ್ ಕಮ್ಮಿ ಬಂದು ಮೋಟರ್ ಸುಟ್ಟೋಯ್ತು ಅಂತಾರಲ್ಲ, ಕಮ್ಮಿ ಬಂದ್ರೆ ಯಾಕೆ ಸುಡುತ್ತೆ?

ಕಮ್ಮಿ ಆದದ್ದು ವೋಲ್ಟೇಜ್, ಕರೆಂಟ್ ಅಲ್ಲ. ವೋಲ್ಟೇಜ್ ಅಂದ್ರೆ ತಳ್ಳೋ ಒತ್ತಡದ ಹಾಗೆ, ಕರೆಂಟ್ ಅಂದ್ರೆ ಹರಿಯೋದು, ಆಂಪಿಯರಲ್ಲಿ ಅಳೆಯೋದು. ಮೋಟರಿಗೆ ನೀರೆತ್ತೋ ಭಾರ ಅಷ್ಟೇ ಇದೆ, ವೋಲ್ಟೇಜ್ ಬಿದ್ರೆ ಅದೇ ಕೆಲಸಕ್ಕೆ ಅದು ಜಾಸ್ತಿ ಕರೆಂಟ್ ಎಳ್ಕೊಳ್ಳುತ್ತೆ, ಕರೆಂಟ್ ಎರಡು ಪಟ್ಟಾದ್ರೆ ವೈಂಡಿಂಗಿನ ಶಾಖ ನಾಲ್ಕು ಪಟ್ಟು, ಅದಕ್ಕೇ ಸುಡೋದು. ಮಾತು ಪೂರ್ತಿ ಉಲ್ಟಾ ಆಗಿದೆ ನೋಡಿ, ಪದ ಸರಿ ಇದ್ರೆ ಓವರ್‌ಲೋಡ್ ರಿಲೇ (ಕರೆಂಟ್ ಜಾಸ್ತಿ ಆದ್ರೆ ಮೋಟರ್ ನಿಲ್ಲಿಸೋ ಸ್ವಿಚ್ಚು) ಯಾಕೆ ಬೇಕು ಅಂತ ತಾನಾಗೇ ಗೊತ್ತಾಗುತ್ತೆ. ಬಿಲ್ಲಿನ ಯೂನಿಟ್ ಇನ್ನೊಂದು, ಅದು ಶಕ್ತಿ: ಒಂದು ಕಿಲೋವಾಟ್ ಒಂದು ಗಂಟೆ ಓಡಿದ್ರೆ ಒಂದು ಯೂನಿಟ್, 36 ಲಕ್ಷ ಜೂಲ್. 'ಗಂಟೆಗೆ ಇಷ್ಟು ಕಿಲೋವಾಟ್' ಅನ್ನೋದು ತಪ್ಪು, ಕಿಲೋವಾಟಲ್ಲೇ ಕಾಲದ ಲೆಕ್ಕ ಸೇರಿದೆ.

## ಸ್ವಲ್ಪ ಮುಂದಿನದು

ಸಂವೇಗ ಅಂತ ಬೇರೆ ಪದ ಯಾಕೆ? ಚಲನ ಶಕ್ತಿ ಇದೆಯಲ್ಲ

ಕೋವಿ ಹಾರಿಸಿದವರಿಗೆ ಇದನ್ನ ಹೇಳೋದು ಸುಲಭ. ಕೊಡವರ ಆಯುಧದ ಹಬ್ಬ ಕೈಲ್‌ಪೊಳ್ದ್ ದಿನ ತೆಂಗಿನಕಾಯಿಗೆ ಗುರಿ ಇಡೋವಾಗ ಕೋವಿ ಭುಜಕ್ಕೆ ಒದೆಯುತ್ತಲ್ವಾ? ಚರೆ ಎಲ್ಲ ಸೇರಿ 32 ಗ್ರಾಂ, ಸೆಕೆಂಡಿಗೆ 400 ಮೀಟರ್, ಕೋವಿ 3.2 ಕೆಜಿ ಅಂತ ಇಟ್ಕೊಳ್ಳಿ (ಮದ್ದಿನ ಗ್ಯಾಸಿನ ಲೆಕ್ಕ ಬಿಟ್ಟಿದ್ದೀನಿ). ಸಂವೇಗ ಅಂದ್ರೆ ದ್ರವ್ಯರಾಶಿ ಗುಣಿಸು ವೇಗ. ಮುಂದಕ್ಕೆ ಹೋದಷ್ಟೇ ಹಿಂದಕ್ಕೂ, 12.8 ಮತ್ತು 12.8, ಆಗ ಕೋವಿ ಸೆಕೆಂಡಿಗೆ 4 ಮೀಟರಿನಂತೆ ಹಿಂದೆ ಬರುತ್ತೆ. ಚಲನ ಶಕ್ತಿ ನೋಡಿದ್ರೆ ಚರೆಗೆ 2560 ಜೂಲ್, ಕೋವಿಗೆ ಬರೀ 25.6. ಒಂದು ಅಳತೇಲಿ ಸರಿಸಮ, ಇನ್ನೊಂದರಲ್ಲಿ ನೂರು ಪಟ್ಟು ವ್ಯತ್ಯಾಸ. ಭುಜ ಉಳಿಯೋದು, ಕಾಯಿ ಚೂರಾಗೋದು ಎರಡಕ್ಕೂ ಇದೇ ಕಾರಣ, ಒಂದೇ ಪದ ಸಾಲಲ್ಲ ಅಂತ ಇದರಿಂದಲೇ ಗೊತ್ತಾಗುತ್ತೆ.

'ರಿಕ್ಟರ್ ಮಾಪಕದಲ್ಲಿ 3 ತೀವ್ರತೆ' ಅಂತ ಪೇಪರಲ್ಲಿ ಬರುತ್ತಲ್ಲ, ನಮ್ಮೂರಲ್ಲಿ ಪಾತ್ರೆ ಅಲ್ಲಾಡ್ತು, ಸೋಮವಾರಪೇಟೇಲಿ ಏನೂ ಇಲ್ಲ. ಯಾವುದು ನಿಜ?

2022ರ ಜೂನ್ ಕೊನೇಲಿ ಚೆಂಬು, ಸುಳ್ಯ ಕಡೆ ಭೂಮಿ ನಡುಗಿದಾಗ ಬಂದ ಪ್ರಶ್ನೆ ಇದು. ಪ್ರಮಾಣ ಬೇರೆ, ತೀವ್ರತೆ ಬೇರೆ. ಪ್ರಮಾಣ ಕಂಪನದ ಮೂಲದ್ದು, ಒಂದು ಭೂಕಂಪಕ್ಕೆ ಒಂದೇ ಸಂಖ್ಯೆ. ತೀವ್ರತೆ ಅಂದ್ರೆ ಒಂದೊಂದು ಜಾಗದಲ್ಲಿ ಎಷ್ಟು ಅಲ್ಲಾಡ್ತು ಅನ್ನೋದು, ಊರಿಂದೂರಿಗೆ ಬದಲಾಗುತ್ತೆ. ನಿಮ್ಮೂರದ್ದೂ ನಿಜ, ಸೋಮವಾರಪೇಟೇದೂ ನಿಜ, ಪೇಪರಿನವರು ಪ್ರಮಾಣಕ್ಕೆ ತೀವ್ರತೆ ಅಂತ ಬರೆದದ್ದು ಗೊಂದಲ. ರಿಕ್ಟರ್ 1935ರಲ್ಲಿ ಮಾಡಿದ್ದು ಒಂದು ಲೆಕ್ಕದ ಕ್ರಮ, ಯಂತ್ರ ಅಲ್ಲ. ಅದರಲ್ಲಿ ಒಂದು ಅಂಕಿ ಏರಿದ್ರೆ ಅಲೆಯ ಎತ್ತರ 10 ಪಟ್ಟು, ಹೊರಬರೋ ಶಕ್ತಿ ಸುಮಾರು 32 ಪಟ್ಟು. ಹಾಗಾಗಿ 6 ಅನ್ನೋದು 3ರ ಡಬಲ್ ಅಲ್ಲ, ಶಕ್ತೀಲಿ ಮೂವತ್ತು ಸಾವಿರ ಪಟ್ಟಿಗಿಂತ ಜಾಸ್ತಿ.

ಸಾಪೇಕ್ಷತೆ ಇನ್ನೂ 'ಥಿಯರಿ' ತಾನೆ, ಪ್ರೂವ್ ಆದ್ರೆ ನಿಯಮ ಆಗುತ್ತಲ್ವಾ?

ಇಲ್ಲ, ಥಿಯರಿ ಪ್ರಮೋಷನ್ ಸಿಕ್ಕಿ ನಿಯಮ ಆಗಲ್ಲ. ನಿಯಮ ಏನಾಗುತ್ತೆ ಅಂತ ಹೇಳುತ್ತೆ, ಸಿದ್ಧಾಂತ ಯಾಕೆ ಹೇಗೆ ಅಂತ ಹೇಳುತ್ತೆ. ಇಲ್ಲಿ ನಮ್ಮ ಪದವೇ ಚೆನ್ನಾಗಿದೆ ಅಂತ ನನಗನ್ನಿಸುತ್ತೆ: ಸಿದ್ಧ ಆದ ಮೇಲಿನ ತೀರ್ಮಾನ, ಸಿದ್ಧಾಂತ. ಬರೀ ಊಹೆಗೆ ಪ್ರಾಕ್ಕಲ್ಪನೆ ಅಂತ ಬೇರೆ ಪದ ಇದೆ. ಐನ್‌ಸ್ಟೈನ್ 1915ರಲ್ಲಿ ಕೊಟ್ಟ ಸಾಮಾನ್ಯ ಸಾಪೇಕ್ಷತೇನ 1919ರ ಗ್ರಹಣದಲ್ಲಿ ಪರೀಕ್ಷೆ ಮಾಡಿದ್ರು, ಇವತ್ತು ನಿಮ್ಮ ಫೋನಲ್ಲಿ ದಿನಾ ಪರೀಕ್ಷೆ ಆಗ್ತಿದೆ. ಜಿಪಿಎಸ್ ಉಪಗ್ರಹದ ಗಡಿಯಾರ ನಮ್ಮದಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತೆ, ವಿಶೇಷ ಸಾಪೇಕ್ಷತೆ (ಜವದಿಂದ ಆಗೋ ವ್ಯತ್ಯಾಸ) ಮತ್ತು ಸಾಮಾನ್ಯ ಸಾಪೇಕ್ಷತೆ (ಗುರುತ್ವದಿಂದ ಆಗೋದು) ಎರಡೂ ಸೇರಿ. ತಿದ್ದದೇ ಬಿಟ್ಟಿದ್ರೆ ಒಂದೇ ದಿನಕ್ಕೆ ಮ್ಯಾಪಲ್ಲಿ ಹತ್ತು ಕಿಲೋಮೀಟರ್ ತಪ್ಪು ಬರ್ತಿತ್ತು, ಭಾಗಮಂಡಲದಲ್ಲಿ ನಿಂತವರನ್ನ ಬೇರೆಲ್ಲೋ ತೋರಿಸ್ತಿತ್ತು.

'ಕ್ವಾಂಟಂ ಎನರ್ಜಿ' ಬಳೆ ಹಾಕಿದ್ರೆ ಮಂಡಿನೋವು ಹೋಗುತ್ತೆ ಅಂತ ಮನೆಗೇ ಬಂದು ಮಾರ್ತಿದ್ದಾರೆ, ತಗೊಳ್ಳಾ ಮೇಷ್ಟ್ರೇ?

ಬೇಡ ಅಕ್ಕ. ಕ್ವಾಂಟಂ ಅಂದ್ರೆ ಒಂದು ಪ್ಯಾಕೆಟ್ ಅಂತ, ಬಿಡಿಸಿ ಅರ್ಧ ಕೊಡೋಕೆ ಆಗದೇ ಇರೋ ಅತಿ ಸಣ್ಣ ಕಂತು. ಪ್ಲಾಂಕ್ 1900ರಲ್ಲಿ ಬಿಸಿ ವಸ್ತುವಿನ ಬೆಳಕಿನ ಲೆಕ್ಕ ಸರಿ ಮಾಡೋಕೆ ತಂದ ವಿಚಾರ ಅದು. ಶಕ್ತಿ ಅಂದ್ಮೇಲೆ ಅಳತೆ ಇರ್ಬೇಕು, ಎಷ್ಟು ಜೂಲ್, ಎಲ್ಲಿಂದ ಬರುತ್ತೆ, ಖಾಲಿ ಆಗೋದು ಯಾವಾಗ ಅಂತ ಮಾರೋರನ್ನ ಕೇಳಿ. ಆ ದುಡ್ಡಲ್ಲಿ ಮೂಳೆ ಡಾಕ್ಟರ್ ಹತ್ರ ತೋರಿಸ್ಕೊಂಡು ಬನ್ನಿ.

ಮೊಬೈಲ್ ಟವರ್ ರೇಡಿಯೇಷನ್ ಮತ್ತೆ ಎಕ್ಸ್‌ರೇ ರೇಡಿಯೇಷನ್ ಒಂದೇನಾ?

ವಿಕಿರಣ ಅಂದ್ರೆ ಹೊರಗೆ ಹರಡ್ತಾ ಹೋಗೋ ಶಕ್ತಿ, ಕಣದಲ್ಲಿ ಕಾಫಿ ಒಣಗಿಸೋ ಬಿಸಿಲೂ ವಿಕಿರಣವೇ. ವ್ಯತ್ಯಾಸ ಇರೋದು ಒಂದೊಂದು ಕಂತಿನ ಶಕ್ತೀಲಿ. ಎಕ್ಸ್‌ರೇ ಕಂತು ಪರಮಾಣುವಿನಿಂದ ಎಲೆಕ್ಟ್ರಾನನ್ನ ಕಿತ್ತು ಹಾಕುತ್ತೆ, ಅದಕ್ಕೆ ಅಯಾನೀಕರಿಸೋ ವಿಕಿರಣ ಅಂತಾರೆ. ಮೊಬೈಲಿನ ಕಂತಿಗೆ ಆ ಕೆಲಸಕ್ಕೆ ಬೇಕಾದ್ದಕ್ಕಿಂತ ಲಕ್ಷಾಂತರ ಪಟ್ಟು ಕಮ್ಮಿ ಶಕ್ತಿ ಇರೋದು. ಒಂದೇ ಪದ ಕೇಳಿ ಎರಡಕ್ಕೂ ಒಂದೇ ಥರ ಹೆದರ್ಬೇಕಾಗಿಲ್ಲ.

ಮಗಳು ಕನ್ನಡ ಮೀಡಿಯಂ, ಪಿಯುಸಿಗೆ ಹೋದ್ರೆ ಎಲ್ಲ ಇಂಗ್ಲಿಷ್. ಈ ಕನ್ನಡ ಪದ ಕಲಿತು ಏನು ಪ್ರಯೋಜನ?

ಪ್ರಯೋಜನ ಇದೆ, ನಾನು ಕಣ್ಣಾರೆ ನೋಡಿದ್ದೀನಿ. 'ಗುಪ್ತೋಷ್ಣ' ಅಂದ್ರೆ ಗುಪ್ತ ಆಗಿರೋ ಉಷ್ಣ, ಐಸ್ ಕರಗೋವಾಗ ಶಾಖ ಕೊಟ್ರೂ ಥರ್ಮಾಮೀಟರಲ್ಲಿ ಕಾಣದೇ ಅಡಗಿ ಕೂರುತ್ತೆ, ಪದಾನೇ ಪಾಠ ಹೇಳುತ್ತೆ. 'ಲೇಟೆಂಟ್ ಹೀಟ್' ಅಂತ ಬಾಯಿಪಾಠ ಮಾಡಿದ ಎಷ್ಟೋ ಮಕ್ಕಳಿಗೆ ಲೇಟೆಂಟ್ ಅಂದ್ರೆ ಏನು ಅಂತಲೇ ಗೊತ್ತಿರಲ್ಲ. ಎಲ್ಲಾ ಪದವೂ ಹೀಗಿಲ್ಲ, 'ವಿಭವ' ಅಂದ್ರೆ ಮಾತಲ್ಲಿ ಸಂಪತ್ತು, ಪುಸ್ತಕದಲ್ಲಿ ಪೊಟೆನ್ಷಿಯಲ್, ಅದು ಮಕ್ಕಳಿಗೆ ಕಷ್ಟವೇ. 'ರಾಶಿ' ಅಂದ್ರೆ ಕಣದಲ್ಲಿ ಒಟ್ಟಿದ ಭತ್ತ, ಪಂಚಾಂಗದಲ್ಲಿ ಮೇಷ ವೃಷಭ, ಪುಸ್ತಕದಲ್ಲಿ ಮಾಸ್. ಮಗಳಿಗೆ ಈ ರಜೇಲಿ ಒಂದು ನೋಟ್‌ಬುಕ್ಕಲ್ಲಿ ಮೂರು ಕಾಲಂ ಗೆರೆ ಹಾಕೋಕೆ ಹೇಳಿ: ಕನ್ನಡ ಪದ, ಇಂಗ್ಲಿಷ್ ಪದ, ಯಾವುದರಲ್ಲಿ ಅಳೀತಾರೆ. ಒಂಬತ್ತು, ಹತ್ತನೇ ಕ್ಲಾಸಿನ ಪುಸ್ತಕ ಎರಡನ್ನೂ ಪಕ್ಕದಲ್ಲಿ ಇಟ್ಕೊಂಡು ದಿನಕ್ಕೆ ಐದು ಪದ ಸಾಕು, ಮೂರನೇ ಕಾಲಂ ಖಾಲಿ ಉಳಿದ ಪದಗಳನ್ನ ಬರ್ಕೊಂಡು ಒಂದು ಭಾನುವಾರ ಮನೆಗೆ ಕಳಿಸಿ, ಕೂತು ಹೇಳಿಕೊಡ್ತೀನಿ.